ಎಂಟುನೂರು ಕಿಲೋ ತೂಕದ ಸುಳ್ಳು

1917ರ ಡಿಸೆಂಬರ್ 28ರಂದು ‘ನ್ಯೂಯಾರ್ಕ್ ಈವ್ನಿಂಗ್ ಮೇಲ್’ ಪತ್ರಿಕೆಯಲ್ಲಿ ಎಚ್. ಎಲ್. ಮೆಂಕೆನ್ ಒಂದು ಲೇಖನ ಬರೆದರು. ಅಮೆರಿಕದ ಮೊದಲ ಬಾತ್‌ಟಬ್ಬಿಗೆ ಎಪ್ಪತ್ತೈದು ವರ್ಷ ತುಂಬಿತು, ಯಾರೊಬ್ಬರೂ ನೆನೆಯಲಿಲ್ಲ ಎಂಬುದು ಅದರಲ್ಲಿದ್ದ ದೂರು. 1842ರ ಡಿಸೆಂಬರ್ 20ರಂದು ಸಿನ್ಸಿನಾಟಿಯ ವ್ಯಾಪಾರಿ ಆಡಂ ಥಾಂಪ್ಸನ್ ತನ್ನ ಮನೆಯಲ್ಲಿ ಆ ಟಬ್ ಕೂರಿಸಿದನಂತೆ. ಮಹಾಗನಿ ಮರದ ತೊಟ್ಟಿ, ಒಳಗೆಲ್ಲ ಸೀಸದ ತಗಡು. ತೂಕ 1,750 ಪೌಂಡ್, ಅಂದರೆ ಸುಮಾರು 800 ಕಿಲೋ. ಭಾರ ತಡೆಯಲೆಂದು ಕೋಣೆಯ ನೆಲವನ್ನೇ ಗಟ್ಟಿಮಾಡಿಸಬೇಕಾಯಿತಂತೆ. ವೈದ್ಯರು ವಿರೋಧಿಸಿದರು, ವೈದ್ಯರ ಸಲಹೆಯಿಲ್ಲದೆ ಸ್ನಾನ ಮಾಡುವುದನ್ನು ಬಾಸ್ಟನ್ ನಗರ 1845ರಲ್ಲಿ ನಿಷೇಧಿಸಿತು, ಅಧ್ಯಕ್ಷ ಫಿಲ್‌ಮೋರ್ ಶ್ವೇತಭವನಕ್ಕೆ ಟಬ್ ಹಾಕಿಸಿದ ಮೇಲೆ ಜನರ ಅಳುಕು ಹೋಯಿತು ಎಂದು ಕಥೆ ಬೆಳೆಯುತ್ತದೆ.

ಅಷ್ಟೂ ಕಟ್ಟುಕಥೆ. ಮೊದಲ ಮಹಾಯುದ್ಧದ ಬಿಗುವಿನ ದಿನಗಳಲ್ಲಿ ತಮಾಷೆಗೆಂದು ಬರೆದದ್ದು. ಶ್ವೇತಭವನಕ್ಕೆ ಕೊಳವೆ ನೀರು ಬಂದದ್ದೇ 1833ರಲ್ಲಿ, ಆಂಡ್ರ್ಯೂ ಜಾಕ್ಸನ್ ಕಾಲದಲ್ಲಿ. ಬಿಸಿನೀರು, ತಣ್ಣೀರಿನ ಸ್ನಾನದ ಕೋಣೆಯೂ ಫಿಲ್‌ಮೋರ್‌ಗಿಂತ ಮುಂಚೆಯೇ ಅಲ್ಲಿತ್ತು. ಆದರೂ ಓದುಗರು ಮೆಂಕೆನ್ ಮಾತನ್ನು ನಂಬಿದರು. ತಾರೀಖಿತ್ತು, ತೂಕವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗಟ್ಟಿಮಾಡಿಸಿದ ಆ ನೆಲವಿತ್ತು. ಭಾರದ ತೊಟ್ಟಿ ಇಡುವ ಮುಂಚೆ ನೆಲ ತಡೆಯುತ್ತದೆಯೇ ಎಂದು ಯಾವ ಮೇಸ್ತ್ರಿಯೂ ನೋಡುತ್ತಾನೆ. ಇಷ್ಟು ಸಣ್ಣ ವಿವರವನ್ನು ಯಾರಾದರೂ ಸುಮ್ಮನೆ ಹುಟ್ಟಿಸಿ ಹೇಳುತ್ತಾರೆಯೇ ಎಂದು ಓದುವವನಿಗೆ ಅನ್ನಿಸುವುದು ಸಹಜ.

ನಿಜವಾದ ಭಾರೀ ಟಬ್ಬಿಗೂ ಕಟ್ಟುಕಥೆಯ ಕಾಟ ತಪ್ಪಲಿಲ್ಲ. 1909ರಲ್ಲಿ, ಅಧಿಕಾರ ವಹಿಸಿಕೊಳ್ಳುವ ಮುನ್ನ, ವಿಲಿಯಂ ಟಾಫ್ಟ್ ಪನಾಮಾ ಪ್ರವಾಸ ಹೊರಟಾಗ ಅವರ ಹಡಗಿಗೆ ವಿಶೇಷ ಟಬ್ಬೊಂದನ್ನು ಮಾಡಿಸಲಾಗಿತ್ತು: ಏಳಡಿ ಒಂದಿಂಚು ಉದ್ದ, ಒಂದು ಟನ್ ತೂಕ. ಅದರೊಳಗೆ ನಾಲ್ವರು ಗಂಡಸರು ಕೂತ ಫೋಟೋ ಈಗಲೂ ಇದೆ. ಜನ ನೆನಪಿಟ್ಟುಕೊಂಡಿರುವುದು ಮಾತ್ರ ಟಾಫ್ಟ್ ಟಬ್ಬಿನಲ್ಲಿ ಸಿಕ್ಕಿಹಾಕಿಕೊಂಡರು ಎಂಬ, ಗಟ್ಟಿ ಆಧಾರವಿಲ್ಲದ ಕಥೆಯನ್ನು.

ಮೆಂಕೆನ್ ತಮ್ಮ ಸುಳ್ಳನ್ನು ತಾವೇ ಹಿಂತೆಗೆದುಕೊಳ್ಳಲು ನೋಡಿದರು. ಅಷ್ಟರಲ್ಲಿ ಅದು ಆಕರ ಗ್ರಂಥಗಳನ್ನೂ ಸೇರಿತ್ತು. 1926ರ ಮೇ 23ರಂದು ಅವರ ತಪ್ಪೊಪ್ಪಿಗೆ ಹಲವು ಪತ್ರಿಕೆಗಳಲ್ಲಿ ಅಚ್ಚಾಯಿತು. ಅಮೆರಿಕದ ಜನ ಏನನ್ನು ಬೇಕಾದರೂ ನುಂಗುತ್ತಾರೆ ಎಂಬರ್ಥದ ಅಡಿಬರಹವಿದ್ದ ವ್ಯಂಗ್ಯಚಿತ್ರದೊಂದಿಗೆ ‘ಬಾಸ್ಟನ್ ಹೆರಾಲ್ಡ್’ ಅದನ್ನು ಪ್ರಕಟಿಸಿತು. ಮೂರು ವಾರಗಳ ನಂತರ, ಜೂನ್ 13ರಂದು, ಅದೇ ಪತ್ರಿಕೆ ಟಬ್ಬಿನ ಹಳೆಯ ಕಥೆಯನ್ನು ನಿಜವೆಂದೇ ಮತ್ತೆ ಅಚ್ಚುಹಾಕಿತು.