ಮಂಜರಾಬಾದಿನ ಐರೋಪ್ಯ ತೋಟಗಾರರು: ಪರದೇಶವಾಸದ ಲಾಭನಷ್ಟಗಳ ವಿಚಾರ

ಸ್ವದೇಶವನ್ನು ಬಿಟ್ಟು ಪರದೇಶದಲ್ಲಿ ನೆಲೆಸುವುದು ಹಿತವೋ ಅಹಿತವೋ ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಇಂದು ತಮ್ಮ ಭವಿಷ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ. ಹಾಸನ ಜಿಲ್ಲೆಯ ಮಲೆಗಳಲ್ಲಿ ಈ ಪ್ರಶ್ನೆಯು ಹಿಂದೊಮ್ಮೆ ವಿರುದ್ಧ ದಿಕ್ಕಿನಿಂದ ಎದ್ದಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ತರುಣರು ಜೀವನೋಪಾಯವನ್ನರಸಿ ಇಲ್ಲಿಗೆ ಬಂದರು. ಅವರ ಅನುಭವವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂದಿನ ಸಕಲೇಶಪುರದ ಸೀಮೆಗೆ ಆಗ ಮಂಜರಾಬಾದ್ ಎಂದು ಹೆಸರು. ಅದಕ್ಕೂ ಮೊದಲು ಅದು ಬಲಂ ಪಾಳೆಯಗಾರರ ನಾಡು. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತನು ಇಲ್ಲಿ ಕಾಫಿ ಬೇಸಾಯವನ್ನಾರಂಭಿಸಿದನು. 1856ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಹೆನ್ರಿ ಎಲಿಯಟ್ ಬಂದು ತೋಟವನ್ನು ಹೂಡಿದನು. ತನ್ನ 38 ವರ್ಷಗಳ ಅನುಭವವನ್ನು ಆತನು 1894ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

ಇವರಿಗೆ ದೊರೆತ ಅನುಕೂಲಗಳು ಸಾಮಾನ್ಯವಾದುವಲ್ಲ. 1831ರಿಂದ 1881ರವರೆಗೆ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದಿತು. ಪರದೇಶಕ್ಕೆ ಬಂದವನಿಗೆ ತನ್ನವರದೇ ಸರ್ಕಾರವು ಎದುರಾಯಿತು; ಅದರ ಭಾಷೆಯೂ ಅಧಿಕಾರಿಗಳೂ ಅವನಿಗೆ ಅಪರಿಚಿತರಾಗಿರಲಿಲ್ಲ.

ನಷ್ಟಗಳೂ ಅಲ್ಪವಾಗಿರಲಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವವರೆಗೆ ತವರಿನ ಪ್ರಯಾಣವು ದೀರ್ಘವೂ ಕಷ್ಟಕರವೂ ಆಗಿದ್ದಿತು. ಮಲೆನಾಡಿನ ಚಳಿಜ್ವರವು ಯಾರನ್ನೂ ಬಿಡುತ್ತಿರಲಿಲ್ಲ. 1860ರ ದಶಕದಲ್ಲಿ ಕಾಂಡ ಕೊರೆಯುವ ಹುಳು ತೋಟಗಳನ್ನು ಹಾಳುಗೆಡವಿತು. ಅನಂತರ ಎಲೆರೋಗವೂ ಹಬ್ಬಿತು. ಕಾಡನ್ನು ಪೂರ್ಣವಾಗಿ ಕಡಿದು ಗಿಡ ನೆಟ್ಟವರು ವಿಶೇಷವಾಗಿ ನಷ್ಟಹೊಂದಿದರು. ನೆರಳಿನ ಮರಗಳನ್ನುಳಿಸಿಕೊಂಡು, ಕೊಡಗಿನ ತಳಿಯ ಬೀಜವನ್ನು ತಂದು ನೆಟ್ಟವರು ಚೇತರಿಸಿಕೊಂಡರು. ಹೊಸ ನೆಲದ ಸ್ವಭಾವವನ್ನು ಅರಿತವನಿಗೇ ಅದು ಒಲಿಯಿತೆಂದು ಹೇಳಬೇಕು.

ಒಂದೇ ಘಟನೆಯು ಒಬ್ಬನಿಗೆ ಲಾಭವೂ ಮತ್ತೊಬ್ಬನಿಗೆ ನಷ್ಟವೂ ಆದುದಕ್ಕೆ ಬೆಳ್ಳಿಯ ಬೆಲೆಯಿಳಿತವು ಉತ್ತಮ ನಿದರ್ಶನ. 1870ರ ಸುಮಾರಿಗೆ 24 ಪೆನ್ಸಿಗೆ ಸಮೀಪವಾಗಿದ್ದ ರೂಪಾಯಿಯು 1893ರ ಹೊತ್ತಿಗೆ ಸುಮಾರು 15 ಪೆನ್ಸಿಗೆ ಇಳಿಯಿತು. ತೋಟದೊಡೆಯನು ಲಂಡನ್ನಿನಲ್ಲಿ ಚಿನ್ನದ ನಾಣ್ಯಕ್ಕೆ ಕಾಫಿ ಮಾರಿ, ಇಲ್ಲಿ ಬೆಳ್ಳಿಯ ರೂಪಾಯಿಯಲ್ಲಿ ಕೂಲಿ ಕೊಡುತ್ತಿದ್ದನು. ಅವನಿಗೆ ಇದರಿಂದ ಅನುಕೂಲವಾಯಿತು. ರೂಪಾಯಿಯಲ್ಲಿ ಸಂಬಳ ಪಡೆದು ತವರಿಗೆ ಹಣ ಕಳುಹಿಸುವ ಐರೋಪ್ಯ ನೌಕರನ ಸಂಪಾದನೆಯಾದರೋ ಕರಗಿಹೋಯಿತು. ಇಬ್ಬರೂ ಪರದೇಶವಾಸಿಗಳೇ, ಆದರೆ ಬಂಡವಾಳವಿದ್ದವನ ಸ್ಥಿತಿಯೇ ಬೇರೆ, ಸಂಬಳವನ್ನೇ ನಂಬಿದವನ ಸ್ಥಿತಿಯೇ ಬೇರೆ.

ಇದೇ ತೋಟಗಳಿಗೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಬಂದ ಕೂಲಿಗಾರರನ್ನು ಇಲ್ಲಿ ಮರೆಯಲಾಗದು. ಮೇಸ್ತ್ರಿಯಿಂದ ಮುಂಗಡ ಪಡೆದು ಬಂದವರಿಗೆ ಸಾಲ ತೀರುವವರೆಗೆ ಊರಿನ ದಾರಿ ಸುಲಭವಾಗಿರಲಿಲ್ಲ. ಸಮುದ್ರವನ್ನು ದಾಟದಿದ್ದರೂ ಅವರದು ಹೆಚ್ಚು ಕಠಿನವಾದ ವಲಸೆ. ಅವರು ಅನುಭವಗ್ರಂಥಗಳನ್ನು ಬರೆಯಲಿಲ್ಲ.

ಎಲಿಯಟ್ಟನಿಗಾದರೋ ಮರಳುವ ದಾರಿ ಸದಾ ತೆರೆದಿದ್ದಿತು. ಸ್ಕಾಟ್ಲೆಂಡಿನ ಕ್ಲಿಫ್ಟನ್ ಪಾರ್ಕಿನಲ್ಲಿ ಆತನಿಗೆ ಸ್ವಂತ ಜಮೀನಿದ್ದಿತು. ಅಲ್ಲಿ ಆತನು ನಡೆಸಿದ ಹುಲ್ಲುಗಾವಲು ಬೇಸಾಯದ ಪ್ರಯೋಗಗಳು ಪ್ರಸಿದ್ಧವಾದುವು. ಆತನು ಎರಡು ದೇಶಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿರಲಿಲ್ಲ, ಎರಡನ್ನೂ ಉಳಿಸಿಕೊಂಡನು.

ಸ್ವಾತಂತ್ರ್ಯಾನಂತರ ಐರೋಪ್ಯರ ತೋಟಗಳಲ್ಲಿ ಬಹುಪಾಲು ಭಾರತೀಯರ ಒಡೆತನಕ್ಕೆ ಬಂದುವು. ಇಂದು ಸಕಲೇಶಪುರದಿಂದಲೂ ಅರೆಮಲೆನಾಡಾದ ಆಲೂರಿನಿಂದಲೂ ತರುಣರು ಹೊರದೇಶಗಳಿಗೆ ಹೊರಡುತ್ತಾರೆ. ಪರದೇಶವು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಚರಿತ್ರೆಯು ಒಂದೇ ಮಾತಿನ ಉತ್ತರ ಕೊಡುವುದಿಲ್ಲ. ಹೋಗುವವನ ಕೈಯಲ್ಲಿರುವ ಬಂಡವಾಳವೆಷ್ಟು, ಅಲ್ಲಿಯ ಕಾನೂನು ಯಾರ ಪಕ್ಷದಲ್ಲಿದೆ, ಹಿಂದಿರುಗುವ ದಾರಿ ತೆರೆದಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಮಾತ್ರ ಅದು ಮುಂದಿಡುತ್ತದೆ. ದೇಶದ ಹೆಸರನ್ನು ವಿಚಾರಿಸುವ ಮೊದಲು ಇವನ್ನು ವಿಚಾರಿಸುವುದು ಯುಕ್ತ.