ಡೇಟಾಬೇಸ್‌ನ ವೇಗ, ಪ್ರೊಸೆಸರ್‌ನ ವಿಶೇಷ ಇನ್‌ಸ್ಟ್ರಕ್ಷನ್‌ಗಳು

ಕೂಡುವುದು, ಕಳೆಯುವುದು, ಹೋಲಿಸುವುದು, ಮೆಮೊರಿಯಿಂದ ತರುವುದು: ಪ್ರೊಸೆಸರ್‌ಗೆ ಇಷ್ಟು ಬಂದರೆ ಯಾವ ಡೇಟಾಬೇಸನ್ನಾದರೂ ನಡೆಸಬಹುದು. ಆದರೆ ಇಂದಿನ ಪ್ರೊಸೆಸರ್‌ಗಳಲ್ಲಿ ಒಂದೊಂದು ಕೆಲಸಕ್ಕೆಂದೇ ಕೂರಿಸಿದ ಇನ್‌ಸ್ಟ್ರಕ್ಷನ್‌ಗಳು ನೂರಾರು ಇವೆ. ಚೆಕ್‌ಸಮ್ ಲೆಕ್ಕ ಹಾಕಲು ಒಂದು, ಒಂದು ಸಂಖ್ಯೆಯಲ್ಲಿ ಎಷ್ಟು ಬಿಟ್‌ಗಳು 1 ಆಗಿವೆಯೆಂದು ಎಣಿಸಲು ಒಂದು, ಎನ್‌ಕ್ರಿಪ್ಷನ್‌ಗೆ ಕೆಲವು, ಹಲವು ಸಂಖ್ಯೆಗಳನ್ನು ಒಂದೇ ಏಟಿಗೆ ಹೋಲಿಸಲು ಬಹಳಷ್ಟು. ಡೇಟಾಬೇಸ್ ತಂತ್ರಾಂಶ ಇವನ್ನು ಬಳಸಿಕೊಂಡರೆ ಕೆಲವೆಡೆ ವೇಗ ಹಲವು ಪಟ್ಟು ಏರುತ್ತದೆ, ಕೆಲವೆಡೆ ಏನೂ ಆಗುವುದಿಲ್ಲ. ಓಪನ್ ಸೋರ್ಸ್ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಕ್ಯೂಎಲ್ ಇವನ್ನು ಒಂದೊಂದಾಗಿ ಒಳಗೆ ಬಿಟ್ಟುಕೊಂಡ ಬಗೆಯಲ್ಲಿ ಈ ಎರಡೂ ಮುಖಗಳು ಕಾಣಸಿಗುತ್ತವೆ.

ಚೆಕ್‌ಸಮ್‌ನಿಂದ ಶುರು

ಯಾವುದೇ ಬದಲಾವಣೆಯನ್ನು ಡೇಟಾಬೇಸ್ ಮೊದಲು ಲಾಗ್‌ಗೆ ಬರೆಯುತ್ತದೆ. ಕರೆಂಟ್ ಹೋಗಿ ಸರ್ವರ್ ನಿಂತರೆ, ಮತ್ತೆ ಎದ್ದಾಗ ಈ ಲಾಗ್ ಓದಿಯೇ ಚೇತರಿಸಿಕೊಳ್ಳಬೇಕು. ಅರ್ಧ ಬರೆದು ನಿಂತುಹೋದ ದಾಖಲೆ ಯಾವುದೆಂದು ಗುರುತಿಸಲು ಪ್ರತಿ ದಾಖಲೆಯ ಜೊತೆಗೂ 32 ಬಿಟ್‌ಗಳ ಸಿಆರ್‌ಸಿ ಚೆಕ್‌ಸಮ್ ಇರುತ್ತದೆ. ಬರವಣಿಗೆ ಜೋರಾಗಿರುವ ಸರ್ವರ್‌ನಲ್ಲಿ ಈ ಲೆಕ್ಕಕ್ಕೆ ಹೋಗುವ ಸಮಯ ಕಡೆಗಣಿಸುವಷ್ಟು ಕಡಿಮೆಯಲ್ಲ.

2008ರಲ್ಲಿ ಇಂಟೆಲ್‌ನ ನೆಹಾಲೆಮ್ ಪ್ರೊಸೆಸರ್ ಜೊತೆ ಬಂದ ಎಸ್‌ಎಸ್‌ಇ 4.2 ಗುಂಪಿನಲ್ಲಿ ಸಿಆರ್‌ಸಿ32 ಎಂಬ ಇನ್‌ಸ್ಟ್ರಕ್ಷನ್ ಇದೆ. 64 ಬಿಟ್ ಯಂತ್ರದಲ್ಲಿ ಅದು ಒಮ್ಮೆಗೆ 8 ಬೈಟ್ ನುಂಗುತ್ತದೆ. ತೊಡಕೆಂದರೆ, ಅದಕ್ಕೆ ಬರುವುದು ಸಿಆರ್‌ಸಿ-32ಸಿ ಎಂಬ ಬಗೆ ಮಾತ್ರ. ಜಿಪ್ ಕಡತಗಳೂ ಈಥರ್ನೆಟ್ಟೂ ಬಳಸುವ ಹಳೆಯ ಸಿಆರ್‌ಸಿ-32ರ ಲೆಕ್ಕಕ್ಕೆ ಆಧಾರವಾದ ಬಹುಪದೋಕ್ತಿ ಬೇರೆ. ಹಾಗಾಗಿ ಪೋಸ್ಟ್‌ಗ್ರೆಸ್ ತನ್ನ ಚೆಕ್‌ಸಮ್ ವಿಧಾನವನ್ನೇ ಬದಲಿಸಬೇಕಾಯಿತು. 2016ರ ಜನವರಿಯಲ್ಲಿ ಹೊರಬಂದ 9.5ನೇ ಆವೃತ್ತಿ ಈ ಹೊಸ ವಿಧಾನಕ್ಕೆ ಬಂತು. ಆರ್ಮ್ ಪ್ರೊಸೆಸರ್‌ಗಳಲ್ಲಿರುವ ಇಂಥದ್ದೇ ಇನ್‌ಸ್ಟ್ರಕ್ಷನ್ 2018ರ 11ನೇ ಆವೃತ್ತಿಯಲ್ಲಿ ಸೇರಿತು.

ಇನ್‌ಸ್ಟ್ರಕ್ಷನ್ ಇಲ್ಲದ ಯಂತ್ರದಲ್ಲಿ ಅದೇ ಉತ್ತರವನ್ನು ಕೋಷ್ಟಕ ನೋಡಿ ಕಂಡುಕೊಳ್ಳಬೇಕು. ಆ ಕೋಷ್ಟಕಗಳ ಗಾತ್ರ 8 ಕಿಲೋಬೈಟ್. ಪ್ರೊಸೆಸರ್‌ನ ಅತಿ ಹತ್ತಿರದ ಕ್ಯಾಶ್ ಎಷ್ಟೋ ಯಂತ್ರಗಳಲ್ಲಿ 32 ಕಿಲೋಬೈಟ್ ಅಷ್ಟೇ, ಅದರ ಕಾಲು ಭಾಗ ಇದಕ್ಕೇ ಹೋಯಿತು. ವಿಶೇಷ ಇನ್‌ಸ್ಟ್ರಕ್ಷನ್‌ನಿಂದ ಸಮಯದ ಜೊತೆಗೆ ಈ ಜಾಗವೂ ಉಳಿಯುತ್ತದೆ. ಈ ಲಾಭ ಮಾತ್ರ ಯಾವ ವೇಗದ ಪರೀಕ್ಷೆಯಲ್ಲೂ ಬಿಡಿಯಾಗಿ ಕಾಣುವುದಿಲ್ಲ.

ಯಂತ್ರಕ್ಕೆ ಏನು ಬರುತ್ತದೆಂದು ತಿಳಿಯುವುದು

ಒಂದೇ ಪ್ಯಾಕೇಜ್ ಹಳೆಯ ಯಂತ್ರದಲ್ಲೂ ಹೊಸತರಲ್ಲೂ ಓಡಬೇಕು. ಗೊತ್ತಿಲ್ಲದ ಇನ್‌ಸ್ಟ್ರಕ್ಷನ್ ಎದುರಾದರೆ ಪ್ರೋಗ್ರಾಂ ಅಲ್ಲೇ ಸಾಯುತ್ತದೆ. ಪೋಸ್ಟ್‌ಗ್ರೆಸ್‌ನ ಉಪಾಯ ಸರಳ. ಸಿಆರ್‌ಸಿ ಫಂಕ್ಷನ್ನನ್ನು ಒಂದು ಪಾಯಿಂಟರ್ ಮೂಲಕ ಕರೆಯಲಾಗುತ್ತದೆ. ಶುರುವಿನಲ್ಲಿ ಆ ಪಾಯಿಂಟರ್ ತೋರಿಸುವುದು ಆಯ್ಕೆ ಮಾಡುವ ಒಂದು ಫಂಕ್ಷನ್ನನ್ನು. ಮೊದಲ ಸಲ ಕರೆದಾಗ ಅದು ಸಿಪಿಯು-ಐಡಿ ಇನ್‌ಸ್ಟ್ರಕ್ಷನ್ ಮೂಲಕ ಪ್ರೊಸೆಸರನ್ನೇ ಕೇಳುತ್ತದೆ. ಎಸ್‌ಎಸ್‌ಇ 4.2 ಇದೆಯೇ ಎಂಬುದಕ್ಕೆ ಉತ್ತರದಲ್ಲಿ ಒಂದೇ ಒಂದು ಬಿಟ್ ಇರುತ್ತದೆ. ಅದು 1 ಆಗಿದ್ದರೆ ಪಾಯಿಂಟರನ್ನು ಇನ್‌ಸ್ಟ್ರಕ್ಷನ್ ಬಳಸುವ ಫಂಕ್ಷನ್‌ನತ್ತ, ಇಲ್ಲವಾದರೆ ಕೋಷ್ಟಕದ ಫಂಕ್ಷನ್‌ನತ್ತ ತಿರುಗಿಸಿಡುತ್ತದೆ. ಅಲ್ಲಿಂದಾಚೆಗೆ ವಿಚಾರಣೆ ಇಲ್ಲ. ಆದರೂ ಪಾಯಿಂಟರ್ ಮೂಲಕ ಹೋಗುವ ಪ್ರತಿ ಕರೆಗೂ ಸಣ್ಣ ಖರ್ಚಿದ್ದೇ ಇದೆ. ನಾಲ್ಕಾರು ಬೈಟ್‌ಗಳ ಲೆಕ್ಕಕ್ಕೆ ಆ ಖರ್ಚೇ ಲಾಭವನ್ನು ತಿಂದುಹಾಕಬಹುದು.

ಒಂದೇ ಏಟಿಗೆ ಹಲವು

ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಹಲವು ಸಂಖ್ಯೆಗಳ ಮೇಲೆ ಕೆಲಸ ಮಾಡುವ ಬಗೆಗೆ ಸಿಮ್ಡ್ ಎನ್ನುತ್ತಾರೆ. ಎಸ್‌ಎಸ್‌ಇ ರಿಜಿಸ್ಟರ್‌ಗಳ ಅಗಲ 128 ಬಿಟ್, 2013ರಲ್ಲಿ ಬಂದ ಎವಿಎಕ್ಸ್2ರಲ್ಲಿ 256, ಎವಿಎಕ್ಸ್-512ರಲ್ಲಿ ಹೆಸರೇ ಹೇಳುವಷ್ಟು. ಡೇಟಾಬೇಸ್‌ನ ಮೂಲ ಕೆಲಸಗಳನ್ನು ಇದಕ್ಕೆ ಒಗ್ಗಿಸುವುದು ಹೇಗೆಂದು ಕೊಲಂಬಿಯಾ ವಿಶ್ವವಿದ್ಯಾಲಯದ ಜಿಂಗ್ರೆನ್ ಝೌ ಮತ್ತು ಕೆನೆತ್ ರಾಸ್ 2002ರಲ್ಲೇ ತೋರಿಸಿದ್ದರು.

ಸಂಬಳ 50,000ಕ್ಕಿಂತ ಹೆಚ್ಚಿರುವವರು ಎಷ್ಟು ಜನ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಸಾಮಾನ್ಯ ಕೋಡ್ ಒಂದೊಂದೇ ಸಂಬಳ ತೆಗೆದು ಹೋಲಿಸಿ, ಹೆಚ್ಚಿದ್ದರೆ ಎಣಿಕೆ ಏರಿಸುತ್ತದೆ. ಮುಂದೇನಾಗುತ್ತದೆಂದು ಪ್ರೊಸೆಸರ್ ಊಹಿಸುತ್ತಾ ಓಡುತ್ತಿರುತ್ತದೆ, ಊಹೆ ತಪ್ಪಿದಾಗಲೆಲ್ಲ ಹದಿನೈದಿಪ್ಪತ್ತು ಸೈಕಲ್ ನಷ್ಟ. ಎವಿಎಕ್ಸ್2ರಲ್ಲಿ ಎಂಟು ಸಂಬಳಗಳನ್ನು ಒಂದು ರಿಜಿಸ್ಟರ್‌ಗೆ ತುಂಬಿ, ಎಂಟು ಕಡೆಯೂ 50,000 ಇರುವ ಇನ್ನೊಂದರೊಡನೆ ಒಮ್ಮೆಗೆ ಹೋಲಿಸಬಹುದು. ಫಲಿತಾಂಶ ಎಂಟು ಬಿಟ್‌ಗಳ ಮಾಸ್ಕ್. ಅದರಲ್ಲಿ 1 ಎಷ್ಟಿವೆ ಎಂದು ಪಾಪ್‌ಕೌಂಟ್ ಇನ್‌ಸ್ಟ್ರಕ್ಷನ್ ಎಣಿಸಿಕೊಡುತ್ತದೆ. ಇಲ್ಲಿ ಊಹೆಯೂ ಇಲ್ಲ, ತಪ್ಪುವುದೂ ಇಲ್ಲ.

ಪೋಸ್ಟ್‌ಗ್ರೆಸ್ ಸಿಮ್ಡನ್ನು ನೇರವಾಗಿ ಬಳಸತೊಡಗಿದ್ದು 2023ರ 16ನೇ ಆವೃತ್ತಿಯಲ್ಲಿ, ಅದೂ ಮೂಲೆಗಳಲ್ಲಿ: ಜೇಸನ್ ಓದುವುದು, ಪಠ್ಯ ಬರಿಯ ಆಸ್ಕಿಯೇ ಎಂದು ನೋಡುವುದು, ಇನ್ನೂ ಮುಗಿಯದ ಟ್ರಾನ್ಸಾಕ್ಷನ್‌ಗಳ ಪಟ್ಟಿಯಲ್ಲಿ ಒಂದು ಸಂಖ್ಯೆ ಹುಡುಕುವುದು. ನೂರಾರು ಜನ ಒಟ್ಟಿಗೆ ಬರೆಯುತ್ತಿರುವಾಗ ಆ ಪಟ್ಟಿ ಉದ್ದವಾಗುತ್ತದೆ, ಹುಡುಕಾಟ ಮತ್ತೆ ಮತ್ತೆ ನಡೆಯುತ್ತದೆ.

ನನಗೆ ಇವೆಲ್ಲಕ್ಕಿಂತ ಜಾಣತನದ್ದು ಅನಿಸುವುದು 2013ರ 9.3ರಲ್ಲಿ ಬಂದ, ಡಿಸ್ಕ್‌ನಲ್ಲಿ ಡೇಟಾ ಇಡುವ ಪುಟಗಳ ಚೆಕ್‌ಸಮ್. ಅಲ್ಲಿ ವಿಶೇಷ ಇನ್‌ಸ್ಟ್ರಕ್ಷನ್ ಹುಡುಕಿಕೊಂಡು ಹೋಗಲಿಲ್ಲ, ಲೆಕ್ಕವನ್ನೇ ಯಂತ್ರಕ್ಕೆ ತಕ್ಕಂತೆ ಹೆಣೆದರು. 8 ಕಿಲೋಬೈಟ್‌ನ ಪುಟವನ್ನು 32 ಕಂಬಸಾಲುಗಳಾಗಿ ಹರಡಿ, ಒಂದಕ್ಕೊಂದು ಸಂಬಂಧವಿಲ್ಲದೆ 32 ಮೊತ್ತಗಳನ್ನು ನಡೆಸಿ, ಕೊನೆಗೆ ಒಂದುಗೂಡಿಸುತ್ತಾರೆ. ಹೀಗಿರುವುದರಿಂದ ಕಂಪೈಲರ್ ತಾನಾಗಿಯೇ ಅದನ್ನು ಸಿಮ್ಡ್ ಕೋಡ್ ಆಗಿ ಇಳಿಸುತ್ತದೆ.

ಡೇಟಾ ಜೋಡಿಸಿಟ್ಟ ಬಗೆ

ಹಾಗಾದರೆ ಪ್ರಶ್ನೆಗಳಿಗೆ ಉತ್ತರಿಸುವ ಮುಖ್ಯ ಕೆಲಸದಲ್ಲೇ ಸಿಮ್ಡ್ ಏಕಿಲ್ಲ? ಪೋಸ್ಟ್‌ಗ್ರೆಸ್ ಡೇಟಾವನ್ನು ಸಾಲು ಸಾಲಾಗಿ ಇಡುತ್ತದೆ. ಒಬ್ಬರ ಹೆಸರು, ವಿಳಾಸ, ಸಂಬಳ ಒಟ್ಟಿಗೆ, ಆಮೇಲೆ ಮುಂದಿನವರದು. ಎಂಟು ಸಂಬಳಗಳು ಎಂಟು ಕಡೆ ಚದುರಿರುತ್ತವೆ. ಅವನ್ನು ಆಯ್ದು ತರುವುದರಲ್ಲೇ ಹೋಲಿಕೆಯಿಂದ ಬರುವ ಉಳಿತಾಯ ಕರಗುತ್ತದೆ.

ಒಂದು ಕಾಲಮ್‌ನ ಬೆಲೆಗಳನ್ನೆಲ್ಲ ಒತ್ತಟ್ಟಿಗೆ ಇಡುವ ಡೇಟಾಬೇಸ್‌ಗಳಿಗೆ ಈ ತಾಪತ್ರಯವಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆಯ ಪೀಟರ್ ಬೊಂಜ್ ಮತ್ತು ಸಂಗಡಿಗರು 2005ರಲ್ಲಿ ಮಾನೆಟ್‌ಡಿಬಿ/ಎಕ್ಸ್100 ಎಂಬ ಎಂಜಿನ್ ಬಗ್ಗೆ ಬರೆದರು. ಒಂದೊಂದೇ ಸಾಲನ್ನು ನಡೆಸುವ ಬದಲು, ಕ್ಯಾಶ್‌ನಲ್ಲಿ ಹಿಡಿಸುವಷ್ಟು ಬೆಲೆಗಳ ಗಂಟನ್ನು ಒಟ್ಟಿಗೆ ನಡೆಸುವುದು ಅದರ ತತ್ವ. ಇಂದಿನ ಡಕ್‌ಡಿಬಿ, ಕ್ಲಿಕ್‌ಹೌಸ್ ನಡೆಯುವುದೂ ಇದೇ ಹಾದಿಯಲ್ಲಿ. ಡೇಟಾ ಜೋಡಣೆ ಮೊದಲು, ಇನ್‌ಸ್ಟ್ರಕ್ಷನ್ ಆಮೇಲೆ. ಇನ್‌ಸ್ಟ್ರಕ್ಷನ್ ಎಷ್ಟೇ ಚುರುಕಾಗಿರಲಿ, ಒಟ್ಟು ಸಮಯದ ಶೇ. 5ರಷ್ಟನ್ನು ತಿನ್ನುವ ಕೆಲಸವನ್ನು ಪೂರ್ತಿ ಮಾಯ ಮಾಡಿದರೂ ಸಿಗುವುದು ಆ ಶೇ. 5 ಮಾತ್ರ.

ಕನ್ನಡ ಪಠ್ಯಕ್ಕೆ ಅಡ್ಡದಾರಿ ಇಲ್ಲ

ಒಳಬರುವ ಪಠ್ಯ ಸರಿಯಾದ ಯುಟಿಎಫ್-8 ಆಗಿದೆಯೇ ಎಂದು ಡೇಟಾಬೇಸ್ ಪರೀಕ್ಷಿಸಲೇಬೇಕು. ಇಂಗ್ಲಿಷ್ ಪಠ್ಯಕ್ಕೆ ಅಡ್ಡದಾರಿಯಿದೆ. ಒಮ್ಮೆಗೆ ತೆಗೆದುಕೊಂಡ ಬೈಟ್‌ಗಳ ಗಂಟಿನಲ್ಲಿ ಯಾವ ಬೈಟ್‌ನಲ್ಲೂ ಮೇಲಿನ ಬಿಟ್ 1 ಆಗಿಲ್ಲದಿದ್ದರೆ ಅಷ್ಟನ್ನೂ ಒಮ್ಮೆಗೆ ಪಾಸು ಮಾಡಬಹುದು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಮೂರರಲ್ಲೂ ಮೇಲಿನ ಬಿಟ್ 1. ‘ಕನ್ನಡ’ ಎಂಬ ಪದದಲ್ಲಿ ಹಲಂತ ಚಿಹ್ನೆಯೂ ಸೇರಿ ಐದು ಸಂಕೇತ, ಅಂದರೆ 15 ಬೈಟ್. ಹಾಗಾಗಿ ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡ ಒಂದೊಂದು ಬೈಟನ್ನೂ ನೋಡುವ ನಿಧಾನದ ದಾರಿಯಲ್ಲೇ ಸಾಗಬೇಕು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಜಾನ್ ಕೈಸರ್ ಮತ್ತು ಡೇನಿಯಲ್ ಲೆಮಿರ್ ರೂಪಿಸಿದ ವಿಧಾನ ಹದಿನಾರು ಮನೆಗಳ ಪುಟ್ಟ ಕೋಷ್ಟಕಗಳನ್ನು ರಿಜಿಸ್ಟರ್‌ನಲ್ಲೇ ಇಟ್ಟುಕೊಂಡು, ಅಕ್ಕಪಕ್ಕದ ಬೈಟ್‌ಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಸಾಮೂಹಿಕವಾಗಿ ನೋಡುತ್ತದೆ. ಲಿಪಿ ಯಾವುದಾದರೂ ಅದಕ್ಕೆ ಅಷ್ಟೇ. ಸಿಮ್ಡ್‌ಜೇಸನ್ ಲೈಬ್ರರಿಯಲ್ಲಿ ಅದು ಬಳಕೆಯಲ್ಲಿದೆ.

ಎವಿಎಕ್ಸ್-512ರ ಗೋಜಲು

2024ರ 17ನೇ ಆವೃತ್ತಿ ಬಿಟ್ ಎಣಿಕೆಗೆ ಎವಿಎಕ್ಸ್-512 ಬಳಸಿತು, 2025ರ 18ನೇ ಆವೃತ್ತಿ ಸಿಆರ್‌ಸಿಗೂ ತಂದಿತು. ಆದರೆ ಈ ಗುಂಪಿನ ಚರಿತ್ರೆ ಅಷ್ಟು ನೇರವಲ್ಲ. ಇಂಟೆಲ್‌ನ ಸ್ಕೈಲೇಕ್ ಸರ್ವರ್ ಚಿಪ್‌ಗಳಲ್ಲಿ ಈ ಭಾರಿ ಇನ್‌ಸ್ಟ್ರಕ್ಷನ್‌ಗಳು ಓಡುವಾಗ ಕೋರ್‌ನ ಗಡಿಯಾರವೇ ನಿಧಾನವಾಗುತ್ತಿತ್ತು, ಪಕ್ಕದ ಸಾಮಾನ್ಯ ಕೋಡೂ ಅದರ ದಂಡ ತೆರುತ್ತಿತ್ತು. ಮೇಜಿನ ಮೇಲಿನ ಕಂಪ್ಯೂಟರ್‌ಗಳಿಗೆಂದು 2021ರಲ್ಲಿ ಬಂದ ಆಲ್ಡರ್ ಲೇಕ್‌ನಲ್ಲಿ ಇಂಟೆಲ್ ಇದನ್ನು ಮುಚ್ಚಿಯೇಬಿಟ್ಟಿತು. ಮರುವರ್ಷ ಎಎಂಡಿ ತನ್ನ ಝೆನ್ 4ರಲ್ಲಿ ಅದನ್ನೇ ತೆರೆಯಿತು! ಇದನ್ನು ಬಳಸಲು ಪ್ರೊಸೆಸರ್ ಒಪ್ಪಿದರೆ ಸಾಲದು, ಆ ಅಗಲದ ರಿಜಿಸ್ಟರ್‌ಗಳನ್ನು ಆಪರೇಟಿಂಗ್ ಸಿಸ್ಟಂ ಉಳಿಸಿಕೊಡುತ್ತದೆಯೇ ಎಂದೂ ಪೋಸ್ಟ್‌ಗ್ರೆಸ್ ಪರೀಕ್ಷಿಸಬೇಕು.

ವರ್ಚುವಲ್ ಮೆಷಿನ್‌ನಲ್ಲಿ

ಬಾಡಿಗೆ ಸರ್ವರ್‌ನಲ್ಲಿ ಇನ್ನೊಂದು ಸಂಗತಿ ನಡುವೆ ಬರುತ್ತದೆ. ಕೆಳಗಿನ ಚಿಪ್ ಎಷ್ಟೇ ಹೊಸದಿರಲಿ, ವರ್ಚುವಲ್ ಮೆಷಿನ್‌ಗೆ ತೋರಿಸುವ ಸಿಪಿಯು ಮಾದರಿ ಹಳೆಯದಾಗಿದ್ದರೆ ಈ ಇನ್‌ಸ್ಟ್ರಕ್ಷನ್‌ಗಳು ಕಾಣುವುದೇ ಇಲ್ಲ. ಪೋಸ್ಟ್‌ಗ್ರೆಸ್ ಆಗ ಸದ್ದಿಲ್ಲದೆ ನಿಧಾನದ ದಾರಿ ಹಿಡಿಯುತ್ತದೆ. ಎವಿಎಕ್ಸ್ ಬೇಕೇ ಬೇಕೆನ್ನುವ ಮೊಂಗೋಡಿಬಿ 5.0 ಮತ್ತು ನಂತರದ ಆವೃತ್ತಿಗಳು ಏಳುವುದೇ ಇಲ್ಲ. ಲಿನಕ್ಸ್‌ನ ಸಿಪಿಯು ಮಾಹಿತಿ ಕಡತದಲ್ಲಿ ‘ಫ್ಲ್ಯಾಗ್ಸ್’ ಸಾಲು ನೋಡಿದರೆ ಯಾವ್ಯಾವ ಗುಂಪು ದಕ್ಕಿದೆ ಎಂಬುದು ತಿಳಿಯುತ್ತದೆ. ವರ್ಚುವಲ್ ಮೆಷಿನ್‌ಗಳನ್ನು ನಡೆಸುವ ಸ್ವಂತ ಹೈಪರ್‌ವೈಸರ್ ಇದ್ದವರು ಮೆಷಿನ್‌ನ ಸಿಪಿಯು ಮಾದರಿಯನ್ನು ‘ಹೋಸ್ಟ್’ ಎಂದು ಬದಲಿಸಿ ಮತ್ತೆ ಚಾಲೂ ಮಾಡಿದರೆ ಅವು ಒಳಗೂ ಸಿಗುತ್ತವೆ. ಬೇರೆ ಬೇರೆ ಪೀಳಿಗೆಯ ಯಂತ್ರಗಳ ನಡುವೆ ಓಡುತ್ತಿರುವ ಮೆಷಿನ್ನನ್ನು ಸಾಗಿಸುವ ಅಭ್ಯಾಸವಿದ್ದರೆ ಮಾತ್ರ ಹಾಗೆ ಮಾಡಬಾರದು. ಹೊಸ ಚಿಪ್‌ನಲ್ಲಿ ಪಾಯಿಂಟರ್ ಆರಿಸಿಕೊಂಡ ಪ್ರೋಗ್ರಾಂ ಹಳೆಯ ಚಿಪ್‌ಗೆ ಬಂದಿಳಿದ ಮೇಲೆ ಮತ್ತೆ ವಿಚಾರಿಸುವುದಿಲ್ಲ.