ಜಿಮ್ಮಿಯ ಟಿವಿ ಮತ್ತು ಮಕ್ಕಳ ಕ್ಯಾನ್ಸರ್

ಇವತ್ತು ದೊಡ್ಡವರು ತೆಗೆದುಕೊಳ್ಳುವ ಕೀಮೋಥೆರಪಿಯ ಕತೆ ಶುರುವಾದ ಜಾಗಗಳಲ್ಲಿ ಒಂದು ಮಕ್ಕಳ ವಾರ್ಡು. ಇದು ಎಷ್ಟು ಜನರಿಗೆ ಗೊತ್ತೋ ಕಾಣೆ, ಅದಕ್ಕೇ ಬರೆಯುತ್ತಿದ್ದೇನೆ.

1947. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಅಂತ ಒಬ್ಬ ಪೆಥಾಲಜಿಸ್ಟ್ ಇದ್ದರು. ಆಗೆಲ್ಲ ರಕ್ತದ ಕ್ಯಾನ್ಸರ್ ಬಂದ ಮಗು ಕೆಲವೇ ವಾರಗಳಲ್ಲೋ ತಿಂಗಳುಗಳಲ್ಲೋ ತೀರಿಕೊಳ್ಳುತ್ತಿತ್ತು. ಫೋಲಿಕ್ ಆಮ್ಲ ಕೊಟ್ಟರೆ ರೋಗ ಇನ್ನಷ್ಟು ಜೋರಾಗುತ್ತದೆ ಅನ್ನುವುದನ್ನು ಫಾರ್ಬರ್ ಗಮನಿಸಿದರು. ಹಾಗಾದರೆ ಆ ಆಮ್ಲವನ್ನೇ ತಡೆಯುವ ವಸ್ತು ಕೊಟ್ಟರೆ? ಅಂಥ ವಸ್ತು ಸಿಕ್ಕಿದ್ದು ಲೆಡರ್ಲೆ ಪ್ರಯೋಗಾಲಯದಿಂದ. ಅಲ್ಲಿ ಆ ಸಂಶೋಧನೆಯ ಮುಂದಾಳು ನಮ್ಮ ನೆರೆಯ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್! ವಸ್ತುವಿನ ಹೆಸರು ಅಮಿನಾಪ್ಟೆರಿನ್. 1948ರ ಜೂನ್‌ನಲ್ಲಿ ಫಾರ್ಬರ್ ವರದಿ ಮಾಡಿದರು: 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಅದು ತಾತ್ಕಾಲಿಕ ಚೇತರಿಕೆ. ಆದರೂ ಔಷಧಿಗೆ ಈ ರೋಗ ಮಣಿಯುತ್ತದೆ ಅಂತ ಗೊತ್ತಾಯಿತಲ್ಲ...

ಸರಿ, ಮುಂದಿನ ಸಂಶೋಧನೆಗೆ ದುಡ್ಡು? ಅದು ಬಂದದ್ದು ರೇಡಿಯೋದಿಂದ. 1948ರ ಮೇ 22ರಂದು ಫಾರ್ಬರ್ ನೋಡಿಕೊಳ್ಳುತ್ತಿದ್ದ 12 ವರ್ಷದ ಹುಡುಗನೊಬ್ಬ ಆಸ್ಪತ್ರೆಯ ಹಾಸಿಗೆಯಿಂದಲೇ ದೇಶಕ್ಕೆಲ್ಲ ಮಾತಾಡಿದ. ನಿಜ ಹೆಸರು ಮುಚ್ಚಿಟ್ಟು 'ಜಿಮ್ಮಿ' ಅಂದರು. ಅವನ ಮೆಚ್ಚಿನ ಬೇಸ್‌ಬಾಲ್ ಆಟಗಾರರು ಕೋಣೆಗೇ ಬಂದಿದ್ದರು. 20 ಸಾವಿರ ಡಾಲರ್ ಕೂಡಿದರೆ ಜಿಮ್ಮಿಗೆ ಆಟ ನೋಡಲು ಟಿವಿ ಅಂದರು. ಕೂಡಿದ್ದು 2 ಲಕ್ಷ 31 ಸಾವಿರಕ್ಕೂ ಹೆಚ್ಚು! ಟಿವಿಯೂ ಬಂತು.

ಕಣ್ಣು ತುಂಬಿ ಬರುವ ಕತೆ, ನಿಜ. ಆದರೆ ನನ್ನನ್ನು ಕಾಡುವುದು ಬೇರೆಯೇ. ಮಗುವಿನ ಔಷಧಿಗೆ ಮಗುವೇ ಜನರ ಮನಸ್ಸು ಕರಗಿಸಬೇಕಾಯಿತಲ್ಲ?

ಮಕ್ಕಳ ಕ್ಯಾನ್ಸರ್ ಅಪರೂಪ, ಅಂದರೆ ಗಿರಾಕಿ ಕಡಿಮೆ. ಲಾಭ ನೋಡುವ ಕಂಪನಿಗೆ ಅಲ್ಲೇನು ಕೆಲಸ? ದೊಡ್ಡವರ ಔಷಧಿಯನ್ನು ಮಕ್ಕಳಲ್ಲೂ ಪರೀಕ್ಷಿಸಿ ಅಂತ ಅಮೆರಿಕ 2003ರಲ್ಲಿ ಕಾನೂನು ಮಾಡಿತು. ಆದರೆ ಆ ರೋಗ ಮಕ್ಕಳಿಗೆ ಬರುವುದಿಲ್ಲ ಅಂದರೆ ವಿನಾಯಿತಿ ಸಿಗುತ್ತಿತ್ತು. ಸ್ತನ, ಪ್ರಾಸ್ಟೇಟ್ ಕ್ಯಾನ್ಸರ್ ಮಕ್ಕಳಿಗೆಲ್ಲಿ ಬರಬೇಕು? ಹಾಗಾಗಿ ಕ್ಯಾನ್ಸರ್ ಔಷಧಿಗಳು ಸಲೀಸಾಗಿ ನುಣುಚಿಕೊಂಡವು. 2004ರ ಡಿಸೆಂಬರಿನಲ್ಲಿ ಕ್ಲೋಫರಬಿನ್‌ಗೆ ಒಪ್ಪಿಗೆ ಸಿಕ್ಕಾಗ, ಮಕ್ಕಳ ಲ್ಯುಕೇಮಿಯಾಕ್ಕೆಂದೇ ಒಂದು ಹೊಸ ಔಷಧಿ ಬಂದು ಹತ್ತು ವರ್ಷದ ಮೇಲಾಗಿತ್ತು.

ರೋಗದ ಹೆಸರು ಬೇರೆಯಾದರೂ ಔಷಧಿ ಗುರಿಯಿಡುವ ಅಣು ಮಕ್ಕಳ ಗಡ್ಡೆಯಲ್ಲೂ ಮುಖ್ಯವಾಗಿದ್ದರೆ ಅಧ್ಯಯನ ಮಾಡಲೇಬೇಕು ಅನ್ನುವ ಕಾನೂನು ಬಂದದ್ದು 2017ರಲ್ಲಿ, ಜಾರಿಯಾದದ್ದು 2020ರಲ್ಲಿ. ಫಾರ್ಬರ್ ಪ್ರಯೋಗವಾಗಿ 70 ವರ್ಷ ಕಳೆದಿತ್ತು!

ಇದು ಶ್ರೀಮಂತ ದೇಶದ ಮಾತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಎಷ್ಟೋ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 30 ಕೂಡ ಇಲ್ಲ. ರೋಗ ಪತ್ತೆಯಾಗುವುದೇ ತಡ, ಔಷಧಿ ಸಿಗದು, ಸಿಕ್ಕರೂ ದುಡ್ಡು ಸಾಲದೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ.

ಅಂದಹಾಗೆ, ಜಿಮ್ಮಿ ಯಾವತ್ತೋ ಸತ್ತ ಅಂತಲೇ ಬಹಳ ಜನ ನಂಬಿದ್ದರು. ಅವನು ಬದುಕಿದ್ದಾನೆ ಅಂತ 1998ರಲ್ಲಿ ಲೋಕಕ್ಕೆ ಗೊತ್ತಾಯಿತು. ಅಷ್ಟರಲ್ಲಿ 'ಅವನು' ಅರವತ್ತು ದಾಟಿದ ಅಜ್ಜ! ರೇಡಿಯೋದ ಮುಂದೆ ಕೂರುವ ಅದೃಷ್ಟವಿಲ್ಲದ ಮಕ್ಕಳಿಗೂ ಆ ವಯಸ್ಸು ಸಿಗಬೇಕಲ್ಲವೇ? ನೀವೇನಂತೀರಿ?